ತಮ್ಮನ ಹೆಸರಿನ ಎಕ್ಸ್‌ರೇ

‘ಕಾಟಲಿಂಗಪ್ಪ’ ಎಂದು ಕೂಗಿದಾಗ ಸಣ್ಣಪ್ಪ ಎದ್ದು ನಿಂತ. ಏಳುವುದು ಒಂದು ಗಳಿಗೆ ತಡವಾಯಿತು. ತಮ್ಮನ ಹೆಸರಿಗೆ ಓಗೊಟ್ಟು ಅವನಿಗೆ ಅಭ್ಯಾಸವಿರಲಿಲ್ಲ.

ಚಿತ್ರದುರ್ಗದ ಆ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯ ಮುಂದೆ ಹತ್ತು ಹನ್ನೆರಡು ಜನ ಕುಳಿತಿದ್ದರು. ಐಮಂಗಲದ ಕಡೆಯವರು ಯಾರಾದರೂ ಗುರುತು ಹಿಡಿದಾರು ಎಂಬ ಅಂಜಿಕೆಯಿಂದ ಟವೆಲ್ಲನ್ನು ಕಿವಿಯವರೆಗೂ ಎಳೆದುಕೊಂಡು ಒಳಗೆ ಹೋದ. ಅಂಗಿ ಬಿಚ್ಚಿಸಿದರು. ತಣ್ಣನೆಯ ಹಲಗೆಗೆ ಎದೆ ಒತ್ತಿ, ಉಸಿರು ಎಳೆದು ಹಿಡಿಯಬೇಕೆಂದರು. ಎರಡು ಸಲ ಉಸಿರು ಹಿಡಿಯುವಷ್ಟರಲ್ಲೇ ಕೆಮ್ಮು ನುಗ್ಗಿತು. ಹೆದರಿಕೆಗೆ ಗಂಟಲು ಒಣಗಿದೆ ಎಂದುಕೊಂಡ. ಮೂರನೆಯ ಸಲ ಹೇಗೋ ಆಯಿತು.

ಆಮೇಲೆ ಡಾಕ್ಟರ್ ಸ್ವಾತಿ ಅವನ ಬೆನ್ನಿಗೆ ಕೊಳವೆ ಇಟ್ಟು ಕೇಳಿಸಿಕೊಂಡರು. ಕೆಮ್ಮು ಎಷ್ಟು ದಿನದಿಂದ, ಏರು ಹತ್ತಿದರೆ ಏದುಸಿರು ಬರುತ್ತದೆಯೇ, ಧೂಳಿನಲ್ಲಿ ಎಷ್ಟು ವರ್ಷ ದುಡಿದಿದ್ದು ಎಂದು ಒಂದೊಂದಾಗಿ ಕೇಳಿದರು. ತಮ್ಮನೇ ಮನೆಯಲ್ಲಿ ಪಾಠ ಹೇಳಿ ಕಳಿಸಿದ್ದ. “ಹೆಸರೊಂದು ನಂದು ಹೇಳಣ್ಣ. ಮೈ ಬಗ್ಗೆ ಏನು ಕೇಳಿದ್ರೂ ನಿಂದೇ ಹೇಳು. ಅಲ್ಲಿ ಸುಳ್ಳು ಹೇಳಿದ್ರೆ ಸಿಕ್ಕಿಬೀಳ್ತೀವಿ.” ಸಣ್ಣಪ್ಪ ಹಾಗೆಯೇ ಮಾಡಿದ. ಮೂವತ್ತೆಂಟು ಎಂದು ಹೇಳಲು ಸಿದ್ಧನಾಗಿ ಬಂದಿದ್ದ ವಯಸ್ಸನ್ನು ಮಾತ್ರ ಯಾರೂ ಕೇಳಲಿಲ್ಲ.

ಕಾಟಲಿಂಗಪ್ಪ ಐಮಂಗಲದ ಬಳಿಯ ಜಲ್ಲಿ ಕ್ರಷರಿನಲ್ಲಿ ಲೋಡರ್ ಓಡಿಸುತ್ತಿದ್ದ. ಸಣ್ಣಪ್ಪನೂ ಒಂದು ಕಾಲಕ್ಕೆ ಕ್ರಷರಿನವನೇ. ಅಪ್ಪ ತೀರಿಕೊಂಡ ಮೇಲೆ ಹನ್ನೆರಡು ವರ್ಷ ಮೂಗಿಗೊಂದು ಬಟ್ಟೆ ಸುತ್ತಿಕೊಂಡು ಯಂತ್ರದ ಬಾಯಿಗೆ ಕಲ್ಲು ಹಾಕಿದ್ದ. ಸಂಜೆ ಸೀನಿದರೆ ಹಿಟ್ಟಿನಂಥ ಬಿಳಿ ಧೂಳು ಬರುತ್ತಿತ್ತು. ಆ ದುಡಿಮೆಯಲ್ಲೇ ತಮ್ಮನನ್ನು ಸಾಕಿದ, ಓದಿಸಿದ, ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಟ್ಟ. ತಮ್ಮ ಗಾಜು ಮುಚ್ಚಿದ ಕ್ಯಾಬಿನ್ನಿನಲ್ಲಿ ಕುಳಿತು ಕೆಲಸ ಶುರುಮಾಡಿದ ವಾರವೇ ತಾನು ಕ್ರಷರು ಬಿಟ್ಟು ಕುರಿ ಹಿಡಿದ. ಹದಿನೈದು ವರ್ಷದ ಗುಡ್ಡದ ಗಾಳಿ ತನ್ನ ಎದೆಯನ್ನು ತೊಳೆದಿಟ್ಟಿದೆ ಎಂಬುದು ಅವನ ನಂಬಿಕೆ. ಹೋದ ಚಳಿಗಾಲದಲ್ಲಿ ತಮ್ಮನ ಹೆಂಡತಿ ಕೆಮ್ಮು ತೋರಿಸಿಕೊಂಡು ಬರಲು ಎಷ್ಟು ಹೇಳಿದರೂ, ಬೀಡಿ ಕೆಮ್ಮಿಗೆಲ್ಲ ಆಸ್ಪತ್ರೆ ಯಾಕೆ, ಕುರಿ ಯಾರು ಕಾಯಬೇಕು ಎಂದು ಎದ್ದು ಹೋಗಿದ್ದ.

ಅಂಥವನು ಈಗ ಬಂದಿದ್ದು ತಮ್ಮನ ಅನ್ನಕ್ಕೆ ಕಲ್ಲು ಬೀಳಬಾರದು ಎಂದು. ಮೂರು ವಾರದ ಹಿಂದೆ ಕಾಟಲಿಂಗಪ್ಪ ಕುರಿಹಟ್ಟಿಯ ಹತ್ತಿರವೇ ಬಂದು ಕುಳಿತಿದ್ದ. ಕ್ರಷರಿನ ಸಾಹುಕಾರರು ಎಲ್ಲರ ಎದೆ ಫೋಟೋ ಕೇಳಿದ್ದಾರೆ, ಧೂಳು ಕಂಡವರನ್ನು ಮನೆಗೆ ಕಳಿಸುತ್ತಾರೆ ಎಂದ. ಎದೆ ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದ. ಆ ಕೆಮ್ಮು ಕೇಳಿ ಸಣ್ಣಪ್ಪನ ಜೀವ ಹಾರಿಹೋಯಿತು. ತಮ್ಮನ ಬದಲು ತಾನು ಹೋಗುವುದೋ ಬೇಡವೋ ಎಂದು ಯೋಚಿಸಲೂ ಇಲ್ಲ.

ಎಕ್ಸ್‌ರೇ ಆದ ವಾರಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಖುದ್ದಾಗಿ ಬರಬೇಕಂತೆ.

“ಡಾಕ್ಟ್ರು ನಿನ್ನ ಮುಖ ನೋಡ್ಯಾರೆ. ನಾ ಹೋದ್ರೆ ಗೊತ್ತಾಗ್ತತೆ,” ಎಂದ ಕಾಟಲಿಂಗಪ್ಪ. ಅಣ್ಣನ ಮುಖ ನೋಡದೆ ಹೇಳಿದ. ಅಂದು ರಜೆ ಹಾಕಿ ತಾನೇ ಕೋಲು ಹಿಡಿದು ಕುರಿ ಹೊಡೆದುಕೊಂಡು ಹೊರಟ.

ಬಸ್ಸಿನುದ್ದಕ್ಕೂ ಸಣ್ಣಪ್ಪನಿಗೆ ಒಂದೇ ಯೋಚನೆ. ಮೋಸ ಗೊತ್ತಾಗಿದೆ. ಪೊಲೀಸರೇ ಬಂದು ಕುಳಿತಿದ್ದರೂ ಕುಳಿತಿದ್ದಾರು.

ಡಾಕ್ಟರ್ ಕೋಣೆಯಲ್ಲಿ ಪೊಲೀಸರಿರಲಿಲ್ಲ. ಬೆಳಕಿನ ಹಲಗೆಯ ಮೇಲೆ ಎಕ್ಸ್‌ರೇ ಇತ್ತು. ಎರಡೂ ಕಡೆ, ಮೇಲುಭಾಗದಲ್ಲಿ, ರಾಗಿ ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಕಲ್ಲಿನ ಧೂಳು ಒಳಗೆ ಗಂಟು ಕಟ್ಟಿದೆ, ಒಮ್ಮೆ ಕುಳಿತದ್ದನ್ನು ತೆಗೆಯುವ ಔಷಧಿಯಿಲ್ಲ, ಹೆಚ್ಚದಂತೆ ನೋಡಿಕೊಳ್ಳಬಹುದಷ್ಟೆ ಎಂದು ಸ್ವಾತಿ ಮೆಲ್ಲಗೆ ವಿವರಿಸಿದರು. ಬೀಡಿ ಇವತ್ತೇ ಬಿಡಬೇಕು, ಕಫದ ಪರೀಕ್ಷೆಯೂ ಆಗಬೇಕು ಎಂದರು.

“ಇನ್ನು ಮೇಲೆ ನೀವು ಕ್ರಷರಿನ ಕಡೆ ತಲೆ ಹಾಕಂಗಿಲ್ಲ.”

ಸಣ್ಣಪ್ಪನಿಗೆ ಆ ಕೊನೆಯ ಮಾತಷ್ಟೇ ಕೇಳಿಸಿತು. ತಮ್ಮನ ಕೆಲಸ ಉಳಿಸಲು ಬಂದು ತಾನೇ ಕಳೆದಿದ್ದ. ಕುರ್ಚಿಯಿಂದ ಎದ್ದು ಕೈ ಮುಗಿದ.

“ಅವ್ವಾ, ತಪ್ಪಾಗೈತೆ. ಇದು ನನ್ನ ಎದೆ. ನಾನು ಕಾಟಲಿಂಗ ಅಲ್ಲ, ಅವನ ಅಣ್ಣ, ಕುರಿ ಕಾಯೋನು. ನನಗೇನಾದ್ರೂ ಆಗ್ಲಿ. ಈ ಕಾಗದ ಸಾಹುಕಾರ್ರಿಗೆ ಕಳಿಸಬ್ಯಾಡ್ರಿ. ಅವನಿಗೆ ಎರಡು ಮಕ್ಳವೆ.”

ಸ್ವಾತಿ ಅವನನ್ನೇ ನೋಡಿದರು. ಸಿಟ್ಟಾಗಲಿಲ್ಲ. ತಾವೇ ಎದ್ದು ಬಂದು ಭುಜ ಹಿಡಿದು ಕೂರಿಸಿದರು. ಮೇಜಿನ ಮೇಲಿದ್ದ ಎಕ್ಸ್‌ರೇ ವರದಿಯ ಚೀಟಿಯನ್ನು ಅವನ ಕಡೆ ತಿರುಗಿಸಿದರು. ಸಣ್ಣಪ್ಪ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದ. ಅದರಲ್ಲಿದ್ದದ್ದು ಅವನದೇ ಹೆಸರು.

“ಸಾಹುಕಾರ್ರು ಯಾರ ಫೋಟೋನೂ ಕೇಳಿಲ್ಲ. ನಿಮ್ಮ ತಮ್ಮನ ಎದೆಯಲ್ಲಿ ಏನೂ ಇಲ್ಲ, ಹೋದ ತಿಂಗಳೇ ನೋಡಿದ್ದೀನಿ. ತನ್ನ ಹೆಸರಲ್ಲೇ ನಿಮ್ಮನ್ನ ಕರೀರಿ ಅಂತ ಕೈ ಮುಗಿದು ಹೋಗಿದ್ದು ಅವರೇ: ‘ತನಗೋಸ್ಕರ ಅಂದ್ರೆ ನಮ್ಮಣ್ಣ ಆಸ್ಪತ್ರೆಗೆ ಬರಲ್ಲ, ನನಗೋಸ್ಕರ ಅಂದ್ರೆ ಬರ್ತಾನೆ.’”