ಒಂದು ಗಂಟೆಯ ಗುಳಿಗೆ

ನೋಂದಣಿಯ ಗಾಡಿ ಸಿದ್ರಾಮಪ್ಪನ ಬಾಗಿಲಿಗೇ ಬಂದು ನಿಂತಿತ್ತು. ಅದರ ಗಾಜಿನ ಮೇಲೆ ಅಂಗೈ ಅಲುಗದಂತೆ ಊರಿದರೆ ಹೊಲ ಬೇರೆಯವರ ಹೆಸರಿಗೆ ಹೋಗುತ್ತದೆ. ಕೈ ನಡುಗಿದರೆ ಮನಸ್ಸಿಲ್ಲದವನ ಕೈಯೆಂದು ಗಾಜು ಕೆಂಪಾಗುತ್ತದೆ. ಸಹಿಯ ಕಾಲ ಹೋಗಿ ಎಷ್ಟೋ ವರ್ಷವಾಗಿತ್ತು.

ಮಗಳು ಪಾರವ್ವನಿಗೆ ಸೇರಬೇಕಾದ ಬಾವಿ ಹೊಲವನ್ನು ಸಿದ್ರಾಮಪ್ಪ ತಮ್ಮನಿಗೆ ಕೊಡಲು ಹೊರಟಿದ್ದ. ಅವನಿಗೆ ನಡುಕದ ರೋಗ. ಬೆಳಗಿನ ಗುಳಿಗೆಯ ಕಸುವು ಇಳಿದಿತ್ತು. ಗಾಜು ಮತ್ತೆ ಮತ್ತೆ ಕೆಂಪಾಯಿತು.

“ವೈನಿ, ಈಗ ಒಂದ್ ಗುಳಿಗಿ ಕೊಡ್ರಿ. ಹನ್ನೆರಡಕ್ಕ ಗಾಡಿ ಹೋಗತೈತಿ,” ಎಂದು ಅತ್ತಿಗೆಯನ್ನು ಕೇಳಿದ ತಮ್ಮ ಮಲ್ಲೇಶಿ.

ಸಿದ್ರಾಮಪ್ಪನ ಹೆಂಡತಿ ಬಾಳವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಗುಳಿಗೆಯ ಡಬ್ಬಿ ಅವಳ ಸೆರಗಿನ ಗಂಟಿನಲ್ಲಿತ್ತು. “ಒಂದು ಗಂಟೆಕ್ಕ ಕೊಡೂದು. ಮುಂಚೆ ಕೊಟ್ರ ಮೈ ತಾನಾಗೇ ಹೊರಳಾಡತೈತಿ ಅಂತ ಡಾಕ್ಟರ್ ಹೇಳ್ಯಾರ. ನಿಮ್ಮಣ್ಣಗ ಏನರ ಆದ್ರ ನಾ ಏನ್ ಮಾಡ್ಲಿ?”

“ಲೇ, ಕೊಡ,” ಸಿದ್ರಾಮಪ್ಪ ಗದರಿದ.

“ಪಾರವ್ವ ಜ್ವರದಾಗ ಸುಡಾಕತ್ತಾಗ ದವಾಖಾನಿಗೆ ಚಕ್ಕಡಿ ಹೂಡ್ರಿ ಅಂದ್ನಿ. ಇಸ್ಪೀಟಾಟ ಮುಗೀಲಿ ಅಂದ್ರಿ. ಕೂಸಿನ ಕಿವಿ ಹೋತು. ನಾ ಕಾದೀನಲ್ರಿ, ನೀವೂ ಕಾಯ್ರಿ.”

ಗಾಡಿ ಹೋಯಿತು. ಮಲ್ಲೇಶಿ ಉಣ್ಣದೇ ಎದ್ದುಹೋದ.

ಒಂದು ಗಂಟೆಗೆ ಬಾಳವ್ವ ಗಂಡನ ಬಾಯಿಗೆ ಗುಳಿಗೆ ಹಾಕಿ, ತಲೆ ಹಿಡಿದು ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಅವನ ಕೈ ನಡುಗುವುದು ನಿಂತಿತು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕುಳಿತ.

“ಎಷ್ಟ್ ಛಂದ ನಿಂತೈತಿ ನೋಡ್ರಿ,” ಎಂದಳು ಬಾಳವ್ವ. “ಗಾಡಿ ಮುಂದಿನ ವರ್ಷ ಬರತೈತಿ. ಆವಾಗೂ ಹೊತ್ತಿಗೆ ಸರಿಯಾಗೇ ಕೊಡ್ತೀನಿ.”