ಐವರಿಗೆ ಒಂದೇ ಪಾಸ್

ಪುಟ್ಟತಾಯಮ್ಮ ಮೈಸೂರಿನ ಒಂದು ಬಡಾವಣೆಯಲ್ಲಿ ಮನೆಗೆಲಸ ಮಾಡುವವಳು.

ಬೆಳಗಿನ ಮನೆಗಳು ಹನ್ನೊಂದಕ್ಕೆ ಮುಗಿದರೆ, ಮಧ್ಯಾಹ್ನದ ಮನೆಗೆ ಹೋಗಬೇಕಾದ್ದು ಎರಡಕ್ಕೆ. ಆ ಮೂರು ಗಂಟೆ ಅವಳೂ, ಅವಳಂಥ ಇನ್ನೂ ನಾಲ್ವರು ಹೆಂಗಸರೂ ಕೆರೆ ಪಾರ್ಕಿನ ಹೊಂಗೆ ಮರದ ಕೆಳಗೆ ಕೂರುತ್ತಿದ್ದರು... ಡಬ್ಬಿ ಬಿಚ್ಚಿ, ಕಾಲು ಚಾಚಿ, ನಗುತ್ತಾ.

ಒಂದು ದಿನ ಗೇಟಿಗೆ ನೋಟಿಸ್ ಬಿತ್ತು. ಪಾರ್ಕಿಗೆ ಇಪ್ಪತ್ತು ರೂಪಾಯಿ ಪ್ರವೇಶ ಶುಲ್ಕ. ಭಾನುವಾರ ಸಭೆ, ಯಾರು ಬೇಕಾದರೂ ಮಾತಾಡಬಹುದು.

ಸಭೆಯಲ್ಲಿ ಮೊದಲು ಎದ್ದವರು ವಸುಧಾ ಮೇಡಂ. ಪುಟ್ಟತಾಯಮ್ಮ ಬೆಳಗ್ಗೆ ಕೆಲಸ ಮಾಡುತ್ತಿದ್ದ ಮನೆಗಳಲ್ಲಿ ಅವರದೂ ಒಂದು.

"ಅಲ್ಲಿನ ಟಾಯ್ಲೆಟ್ ನೋಡಿದೀರಾ? ದುಡ್ಡಿಲ್ದೆ ಮೇಂಟೆನೆನ್ಸ್ ಹೇಗಾಗತ್ತೆ? ಇಪ್ಪತ್ತು ರೂಪಾಯಿ ಯಾರಿಗೆ ಭಾರ?"

ಹಿಂದಿನ ಸಾಲಿನಿಂದ ಪುಟ್ಟತಾಯಮ್ಮ ಎದ್ದಳು.

"ಸ್ವಾಮಿ, ನಾವು ಗಾಳಿ ತಗಳಕ್ ಬರೋರಲ್ಲ... ನಮ್ಗೆ ಕೂರಕ್ ಜಾಗಿಲ್ಲ. ಕೆಲ್ಸದ ಮನೇಲಿ ಕೂರಂಗಿಲ್ಲ. ಅಂಗ್ಡಿ ಮುಂದೆ ಕೂತ್ರೆ ಎದ್ದೋಗು ಅಂತಾರೆ. ಬ್ಯಾಡ ಅನ್ನದೆ ಇರೋ ಜಾಗ ಅದೊಂದೇಯ."

ಜೋರು ಚಪ್ಪಾಳೆ ಬಿತ್ತು. ಸಭೆ ನಡೆಸುತ್ತಿದ್ದ ಪಾಲಿಕೆ ಅಧಿಕಾರಿಯೂ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು.

ಹದಿನೈದು ದಿನಕ್ಕೆ ಟಿಕೆಟ್ ಕೌಂಟರ್ ಶುರುವಾಯಿತು.

ಐವರೂ ಕಾಂಪೌಂಡಿನಾಚೆ, ಫುಟ್‌ಪಾತಿನ ಬಿಸಿಲಿಗೆ ಬಂದು ಕೂತರು.

ಒಂದು ಬೆಳಗ್ಗೆ ವಸುಧಾ ಮೇಡಂ ಪುಟ್ಟತಾಯಮ್ಮನ ಕೈಗೆ ಪಾರ್ಕಿನ ವರ್ಷದ ಪಾಸ್ ಇಟ್ಟರು. ಅವರ ಕಣ್ಣು ತುಂಬಿತ್ತು.

"ಏಳು ವರ್ಷದಿಂದ ನಮ್ಮನೇಲಿದೀಯ... ಪಾರ್ಕಲ್ಲಿ ಕೂತು ಊಟ ಮಾಡ್ತೀನಿ ಅಂತ ಒಂದಿನಾನೂ ಹೇಳ್ಲಿಲ್ವಲ್ಲೇ!"

"ನೀವೂ ಕೇಳ್ನಿಲ್ಲ ಅಕ್ಕಾ..."

ಮೇಡಂ ಬಿಕ್ಕಿ ಬಿಕ್ಕಿ ಅತ್ತರು. ಆದರೆ ಪಕ್ಕದಲ್ಲೇ ಖಾಲಿಯಿದ್ದ ಕುರ್ಚಿ ತೋರಿಸಿ 'ಕೂತ್ಕೋ' ಅನ್ನುವುದು ಆಗಲೂ ಅವರಿಗೆ ತೋಚಲಿಲ್ಲ.

ಪುಟ್ಟತಾಯಮ್ಮ ಪಾಸನ್ನು ಗೇಟಿನವನಿಗೆ ತೋರಿಸಿದಳು.

"ಅಣ್ಣಾ, ದಿನಕ್ಕೊಬ್ರಂಗೆ ಹೋಗಬೌದಾ?"

"ಇಲ್ಲ ಕಣಮ್ಮಾ. ಇದ್ರಲ್ಲಿರೋದು ನಿನ್ನೊಬ್ಬಳದೇ ಹೆಸ್ರು."

ಒಬ್ಬಳೇ ಒಳಗೆ ಹೋದಳು. ಮರದ ಕೆಳಗೆ ಡಬ್ಬಿ ಬಿಚ್ಚಿದಳು. ಗೋಡೆಯಾಚೆ ಆ ನಾಲ್ವರಲ್ಲೊಬ್ಬಳಾದ ಸಾಕಮ್ಮ ಕೆಮ್ಮುವುದು ಕೇಳಿಸಿತು. ಡಬ್ಬಿ ಮುಚ್ಚಿ ಹೊರಗೆ ಬಂದುಬಿಟ್ಟಳು.

ಬಿಸಿಲು ಏರಿದ ಹಾಗೆ ಒಬ್ಬೊಬ್ಬರೇ ಫುಟ್‌ಪಾತಿಗೂ ಬರುವುದು ಬಿಟ್ಟರು. ಈಗ ಯಾರು ಎಲ್ಲಿ ಉಣ್ಣುತ್ತಾರೋ, ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ. ಪುಟ್ಟತಾಯಮ್ಮ ಬಸ್ ಸ್ಟಾಪಿನಲ್ಲಿ ನಿಂತೇ ಉಣ್ಣುತ್ತಾಳೆ.

ಪಾರ್ಕ್ ಮಾತ್ರ ತುಂಬಾ ಕ್ಲೀನಾಗಿದೆ...

*ಎಲ್ಲರ ಜಾಗ ಕಿತ್ತುಕೊಂಡ ಮೇಲೆ ಒಬ್ಬರಿಗೆ ತೋರಿಸುವ ಕರುಣೆ, ಕರುಣೆಯಲ್ಲ.*

ನಿಮ್ಮ ಮನೆಗೆ ಕೆಲಸಕ್ಕೆ ಬರುವವರು ಮಧ್ಯಾಹ್ನ ಎಲ್ಲಿ ಕೂತು ಉಣ್ಣುತ್ತಾರೆ... ಒಂದು ಸಲವಾದರೂ ಕೇಳಿದ್ದೀರಾ?