ಹಿರಿಯಕ್ಕನ ಪರೀಕ್ಷೆ

ಫ್ಲಾಸ್ಕಿನಲ್ಲಿ ನಸುಗುಲಾಬಿ ಬಣ್ಣ ಆಗಲೇ ಮೂಡಿತ್ತು. ಅಲ್ಲಿಗೇ ಹನಿ ನಿಲ್ಲಿಸಬೇಕು, ಇಲ್ಲದಿದ್ದರೆ ಔಷಧಿಯ ಲೆಕ್ಕ ತಪ್ಪುತ್ತದೆ. ಆದರೆ ಹಿರಿಯಕ್ಕ ಮೂರನೆಯ ಸಲವೂ ನಿಲ್ಲಿಸದೆ ಅಳತೆಯ ಗಾಜಿನ ಕೊಳವೆಯಿಂದ ಹನಿ ಬಿಡುತ್ತಲೇ ಇದ್ದರು. ಔಷಧಿ ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಕೈಹಿಡಿದು ಕೆಲಸ ಕಲಿಸಿದವರು ಅವರು. ಈ ವರ್ಷದಿಂದ ಹಳಬರೂ ಅರ್ಹತಾ ಪರೀಕ್ಷೆ ಎದುರಿಸಬೇಕಾಗಿತ್ತು. ಪರೀಕ್ಷಕಿಯಾಗಿ ಎದುರು ನಿಂತವಳು ಅವರದೇ ಶಿಷ್ಯೆ. ಕೆಲಸ ಮುಗಿಯುವವರೆಗೆ ಅವಳು ತುಟಿ ಬಿಚ್ಚುವಂತಿರಲಿಲ್ಲ.

ಶಿಷ್ಯೆ ಬೇಕೆಂದೇ ಕೆಮ್ಮಿದಳು. ಹಿರಿಯಕ್ಕ ತಲೆಯೆತ್ತಲಿಲ್ಲ. ಕಣ್ಣು ಕಿರಿದು ಮಾಡಿ ಫ್ಲಾಸ್ಕನ್ನು ಬಿಳಿ ಕಾಗದದ ಮೇಲೆ ಆಡಿಸುತ್ತ ಇನ್ನೊಂದು ಹನಿ ಬಿಟ್ಟರು, ಮತ್ತೊಂದು ಬಿಟ್ಟರು. ಬಣ್ಣ ಬೀಟ್ರೂಟ್ ರಸದಷ್ಟು ಗಾಢವಾದಾಗ ಅವರ ಮುಖ ಅರಳಿತು.

"ಬಂತು ನೋಡು. ಕಂಡೂ ಕಾಣದ ಹಾಗಿರ್ಬೇಕು ಅಂತ ನಿಂಗೆ ಹೇಳಿಕೊಟ್ಟಿದ್ನಲ್ಲ, ಹೀಗೇ."

"ಹೌದಕ್ಕ," ಎಂದಳು ಶಿಷ್ಯೆ.

"ಅಳತೆ ಬರ್ಕೋ. ನೀನ್ಯಾಕೆ ಹೆದರ್ತೀಯ? ಪರೀಕ್ಷೆ ನಂದು ಕಣೇ."

ಅವಳು ಅಳತೆ ಬರೆದುಕೊಂಡಳು. ಹಾಳೆಯ ಕೊನೆಯಲ್ಲಿ ಅರ್ಹ, ಅನರ್ಹ ಎಂಬ ಎರಡು ಪದಗಳಿದ್ದವು, ಒಂದನ್ನು ಹೊಡೆದುಹಾಕಬೇಕು. ಇಲ್ಲಿಂದ ಹೋಗುವ ಔಷಧಿ ಯಾರದೋ ಮಗುವಿನ ಬಾಯಿ ಸೇರುತ್ತದೆ. ಅವಳು 'ಅರ್ಹ' ಎಂಬ ಪದವನ್ನು ಹೊಡೆದುಹಾಕಿದಳು. ಹಾಳೆ ಮುಂದಿಟ್ಟಾಗ ಹಿರಿಯಕ್ಕ ಓದಲೂ ಇಲ್ಲ. ಶಿಷ್ಯೆಯ ಬೆನ್ನು ತಟ್ಟಿ, ನಗುತ್ತಲೇ ಸಹಿ ಹಾಕಿಕೊಟ್ಟರು.